‘ಜನಸ್ವಭಾವ’ವೆಂಬ ಹುಸಿ ಪ್ರಮಾಣ

ಕನ್ನಡಿಗರು ನಿರಭಿಮಾನಿಗಳು, ತಮಿಳರು ಭಾಷಾಂಧರು, ಮಲೆಯಾಳಿಗಳು ಚತುರರು ಎಂಬಂಥ ಮಾತುಗಳು ಹರಟೆಕಟ್ಟೆಯಲ್ಲಿ ಉಳಿದರೆ ಹೆಚ್ಚು ಅಪಾಯವಿಲ್ಲ. ಅವೇ ‘ಜನಸ್ವಭಾವ’ ಎಂಬ ಗಂಭೀರ ವೇಷ ತೊಟ್ಟು ಸಂಶೋಧನ ಪ್ರಬಂಧಗಳಲ್ಲಿ ಪ್ರಮಾಣದ ಪೀಠವೇರಿದಾಗ ವಿರೋಧಿಸಲೇಬೇಕು. ಸ್ವಭಾವವೆಂಬ ಪದ ಅಲ್ಲಿ ಕಾರಣವನ್ನು ತಿಳಿಸುವುದಿಲ್ಲ. ಕಾರಣವನ್ನು ಹುಡುಕುವ ಶ್ರಮದಿಂದ ಬರಹಗಾರನನ್ನು ಬಿಡಿಸುತ್ತದೆ.

ಭದ್ರಾವತಿಯ ನ್ಯೂ ಟೌನನ್ನೇ ಪರಿಶೀಲಿಸಬಹುದು. ಹಿಂದೆ ಬೆಂಕಿಪುರವೆನಿಸಿದ್ದ ಈ ಊರಿನಲ್ಲಿ ಮೈಸೂರು ಸಂಸ್ಥಾನ ಕಟ್ಟಿಸಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಗೆ ತೊಡಗಿತು. ಕೆಮ್ಮಣ್ಣುಗುಂಡಿಯಿಂದ ಅದಿರು, ಮಲೆನಾಡಿನ ಕಾಡುಗಳಿಂದ ಇದ್ದಿಲು, ಹಲವು ಸೀಮೆಗಳಿಂದ ಶ್ರಮಿಕರು ಬಂದರು. 1936ರಲ್ಲಿ ಕಾಗದ ಕಾರ್ಖಾನೆಯೂ ಸ್ಥಾಪನೆಯಾಯಿತು. ತಮಿಳು, ತೆಲುಗು, ಉರ್ದು ಮಾತೃಭಾಷೆಯ ಕುಟುಂಬಗಳು ಕನ್ನಡಿಗರ ನೆರೆಯಲ್ಲಿ ನೆಲೆಸಿದವು. ಒಂದೇ ಪಾಳಿಯಲ್ಲಿ ದುಡಿದು, ಒಂದೇ ಸಂತೆಯಲ್ಲಿ ಕೊಂಡು, ಒಂದೇ ಸಾಲಿನ ಮನೆಗಳಲ್ಲಿ ಬಾಳಿದವರು ಪರಸ್ಪರರ ನುಡಿ ಕಲಿತದ್ದು ಸಹಜ.

ಇಂಥ ಊರಿನ ಬಗ್ಗೆ ನಮ್ಮವರ ತೀರ್ಪನ್ನು ಗಮನಿಸಿರಿ. ಕನ್ನಡಿಗನು ತಮಿಳು ಆಡಿದರೆ ಅದು ನಿರಭಿಮಾನ. ತಮಿಳನು ಕನ್ನಡ ಆಡಿದರೆ ಅದು ಹೊಟ್ಟೆಪಾಡು! ಕ್ರಿಯೆ ಒಂದೇ, ಅದಕ್ಕೆ ಒದಗಿಸುವ ಕಾರಣ ಮಾತ್ರ ಎರಡು. ತೀರ್ಪು ಮೊದಲೇ ಸಿದ್ಧವಾಗಿದ್ದು, ಸಾಕ್ಷ್ಯವನ್ನು ಅನಂತರ ಅದಕ್ಕೆ ಹೊಂದಿಸಲಾಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ನಿರಭಿಮಾನ ನಮ್ಮ ನೆತ್ತರಿನ ಗುಣವೆನ್ನುವವರು ‘ಕವಿರಾಜಮಾರ್ಗ’ಕ್ಕೆ ಏನು ಉತ್ತರ ಹೇಳುತ್ತಾರೆ? ಒಂಬತ್ತನೆಯ ಶತಮಾನದ ಆ ಕೃತಿ ಈ ನಾಡವರನ್ನು ಸ್ವಾಭಿಮಾನಿಗಳೆಂದೂ ಬಹು ಉಗ್ರರೆಂದೂ ಬಣ್ಣಿಸುತ್ತದೆ. ಸ್ವಭಾವ ಶಾಶ್ವತವಾದುದಾದರೆ ಇವೆರಡು ಚಿತ್ರಗಳಲ್ಲಿ ಒಂದು ಸುಳ್ಳಾಗಬೇಕು. ವಾಸ್ತವದಲ್ಲಿ ಎರಡೂ ಜನರ ಅಳತೆಗಳಲ್ಲ. ಒಂದು ರಾಷ್ಟ್ರಕೂಟರ ಆಸ್ಥಾನದ ಆತ್ಮವಿಶ್ವಾಸದ ನುಡಿ. ಇನ್ನೊಂದು ಹಲವು ಆಡಳಿತಗಳ ನಡುವೆ ಹರಿದು ಹಂಚಿಹೋಗಿ 1956ರಲ್ಲಿ ಒಂದಾದ ನಾಡಿನ ಆತಂಕದ ನುಡಿ. ಬಾದಾಮಿಯ ಶಾಸನದಲ್ಲಿ ಕಪ್ಪೆ ಅರಭಟ್ಟನೆಂಬ ಒಬ್ಬ ವೀರನಿಗೆ ಸಂದ ಪ್ರಶಂಸೆಯನ್ನು ಇಡೀ ಕನ್ನಡ ಜನಾಂಗದ ಗುಣಪತ್ರವಾಗಿ ಓದುವುದೂ ಇದೇ ದೋಷದ ಇನ್ನೊಂದು ಮುಖ. ಹೊಗಳಿಕೆಯಾದ ಮಾತ್ರಕ್ಕೆ ಅದು ಪ್ರಮಾಣವಾಗದು.

ಇಂಗ್ಲಿಷಿನಲ್ಲಿ ಇದಕ್ಕಿರುವ ‘ಸ್ಟೀರಿಯೊಟೈಪ್’ ಎಂಬ ಪದ ಮುದ್ರಣಾಲಯದ್ದು: ಜೋಡಿಸಿದ ಮೊಳೆಗಳಿಂದ ಅಚ್ಚು ತೆಗೆದು ಎರಕ ಹೊಯ್ದ ಲೋಹದ ಫಲಕ. ವಾಲ್ಟರ್ ಲಿಪ್‌ಮನ್ 1922ರಲ್ಲಿ ಅದನ್ನು ಮನಸ್ಸಿನ ಸಿದ್ಧಚಿತ್ರಗಳಿಗೆ ಅನ್ವಯಿಸಿದನು. ಹೊಸಬರನ್ನು ನಾವು ಮೊದಲು ಕಾಣುವುದು ಅವರ ಕಸುಬಿನಲ್ಲಿ; ಕಸುಬಿನ ಗುಣವನ್ನೇ ಕುಲದ ಗುಣವೆಂದು ಭಾವಿಸುತ್ತೇವೆ. ಕೆಲಸಕ್ಕಾಗಿ ಊರು ಬಿಟ್ಟು ಬಂದವರು ತಮ್ಮ ನಾಡಿನ ಸಮಸ್ತರ ಪ್ರತಿನಿಧಿಗಳಲ್ಲ ಎಂಬುದನ್ನು ಮರೆಯುತ್ತೇವೆ. ಅಂಥ ಎರಕಕ್ಕೆ ಅಧಿಕಾರದ ಮುದ್ರೆ ಬಿದ್ದರೆ ಏನಾದೀತೆಂಬುದನ್ನು 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ತೋರಿಸಿತು. ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿಮಾಡಲು ಅವಕಾಶವಿತ್ತ ಆ ವ್ಯವಸ್ಥೆ 1952ರವರೆಗೂ ಪೂರ್ತಿಯಾಗಿ ಅಳಿಯಲಿಲ್ಲ.

ಹಾಗಾದರೆ ಜನಸಮೂಹಗಳ ನಡುವೆ ಭೇದಗಳೇ ಇಲ್ಲವೆ? ಖಂಡಿತ ಇವೆ. ರೂಢಿ, ನುಡಿಗಟ್ಟು, ಸಂಘಟನೆ, ವಿದ್ಯಾಭ್ಯಾಸ ಎಲ್ಲದರಲ್ಲಿಯೂ ಇವೆ. ಆದರೆ ಅವುಗಳಿಗೆ ಇತಿಹಾಸವಿದೆ, ಇತಿಹಾಸವುಳ್ಳದ್ದು ಬದಲಾಗುತ್ತದೆ. ಆದುದರಿಂದ ನ್ಯೂ ಟೌನಿನ ಬಗ್ಗೆ ಬರೆಯುವ ವಿದ್ಯಾರ್ಥಿ ‘ಕನ್ನಡಿಗರ ಔದಾರ್ಯ’ವೆಂದಾಗಲಿ ‘ನಿರಭಿಮಾನ’ವೆಂದಾಗಲಿ ಬರೆಯುವ ಮುನ್ನ ನೇಮಕಾತಿಯ ದಾಖಲೆ, ವಸತಿ ಹಂಚಿಕೆ, ಶಾಲೆಯ ಬೋಧನ ಮಾಧ್ಯಮ, ಸಂತೆಯ ಮಾತು ಇವುಗಳನ್ನು ಅರಸಬೇಕು. ಅವುಗಳನ್ನು ನೋಡದೆ ‘ಸ್ವಭಾವ’ವೆಂದು ಷರಾ ಬರೆಯುವ ಪ್ರಬಂಧವನ್ನು ಮಾರ್ಗದರ್ಶಕರು ಹಿಂದಿರುಗಿಸುವುದೇ ಲೇಸು.