ಗಾಳಿಮಾತೂ ಲೆಕ್ಕಪತ್ರವೂ

ಕಳೆದ ಡಿಸೆಂಬರಿನ ಕೊನೆಯ ವಾರ, ಒಂದು ಸಂಜೆ ಥಾಣೆಯಲ್ಲಿ ಕಲ್ಯಾಣ್ ಲೋಕಲ್ ಹತ್ತಿದ್ದೆ. ಜನರ ನಡುವೆ ಹೇಗೋ ತೂರಿಕೊಂಡು ಬಂದ ನಮ್ಮ ಕಟ್ಟಡದ ಹುಡುಗನೊಬ್ಬ, ಕಳವಾ ದಾಟುವ ಮೊದಲೇ ಕೇಳಿದ: "ಮಾಮಾ, ಸುದ್ದಿ ನೋಡಿದ್ರಾ? ಸಿಟಿ ಗ್ರೂಪ್‌ನವರು ಬಿಟ್ಟು ಹೋದ್ರಂತೆ. ಇನ್ನು ಕೋಚ್ ಯಾರು? ಯಾರ್ಯಾರು ಉಳೀತಾರೆ?" ಡೊಂಬಿವಲಿ ಬರುವವರೆಗೂ ಅವನ ಮೊಬೈಲಿನಲ್ಲಿ ಹೆಸರುಗಳು ಹರಿದಾಡುತ್ತಲೇ ಇದ್ದವು. ಇವರು ಹೋಗುತ್ತಾರಂತೆ, ಅವರು ಬರುತ್ತಾರಂತೆ. ಪ್ರತಿಯೊಂದು ವಾಕ್ಯವೂ ಒಂದು 'ಅಂತೆ'ಯಲ್ಲಿ ಮುಗಿಯುತ್ತಿತ್ತು.

ಅವನು ಹೇಳಿದ ಮೂಲಸುದ್ದಿ ಮಾತ್ರ ನಿಜವಾಗಿತ್ತು. 2019ರ ನವೆಂಬರಿನಲ್ಲಿ ಮುಂಬಯಿ ಸಿಟಿ ಎಫ್‌ಸಿಯ ಶೇಕಡಾ 65ರಷ್ಟು ಒಡೆತನವನ್ನು ಕೊಂಡಿದ್ದ ಸಿಟಿ ಫುಟ್ಬಾಲ್ ಗ್ರೂಪ್, ಅಂದರೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿಯ ಒಡೆಯರು, ಆರು ವರ್ಷಗಳ ಬಳಿಕ ತಮ್ಮ ಪಾಲನ್ನು ಬಿಟ್ಟುಕೊಟ್ಟು ಹೊರನಡೆದರು. ಕ್ಲಬ್ಬು ಮತ್ತೆ ಅದರ ಸ್ಥಾಪಕ ಮಾಲಕರ ಕೈಗೆ ಬಂತು. ಹಳಬರೇ ಹೊಸ ಒಡೆಯರಾದರು.

ಹುಡುಗನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಆ ಪ್ರಶ್ನೆ ನನಗೆ ಹೊಸದಾಗಿರಲಿಲ್ಲ. ನಮ್ಮ ಊರಿನ ಕಡೆಯವರು ನಡೆಸುವ ಹೋಟೆಲೊಂದು ಕೈಬದಲಾದಾಗಲೆಲ್ಲ ಖಾಯಂ ಗಿರಾಕಿಗಳ ಬಾಯಲ್ಲಿ ಇದೇ ಪ್ರಶ್ನೆ ಬರುತ್ತದೆ: ಭಟ್ಟರು ಯಾರು? ಹಳೆಯ ಭಟ್ಟರು ಪಕ್ಕದ ರಸ್ತೆಯ ಹೋಟೆಲಿಗೆ ಹೋಗುತ್ತಾರಂತೆ, ಅವರ ಜೊತೆಗೆ ದೋಸೆ ಹುಯ್ಯುವ ಹುಡುಗನೂ ಹೊರಡುತ್ತಾನಂತೆ. ಸಾಂಬಾರಿನ ರುಚಿ ಕೆಡುವುದೋ ಎಂಬ ಆತಂಕ ಸಹಜವಾದದ್ದೇ. ಆದರೆ ಕಟ್ಟಡದ ಬಾಡಿಗೆಯ ಕರಾರು ಇನ್ನೆಷ್ಟು ವರ್ಷದ್ದು, ಕೆಲಸದವರಿಗೆ ಸಂಬಳ ಸಂದಿದೆಯೇ, ತಟ್ಟೆ ತೊಳೆಯುವ ಹುಡುಗ ಎಲ್ಲಿ ಮಲಗುತ್ತಾನೆ ಎಂದು ಯಾವ ಗಿರಾಕಿಯೂ ಕೇಳುವುದಿಲ್ಲ. ಮುಂದೊಂದು ದಿನ ಹೋಟೆಲಿನ ಬಾಗಿಲು ಮುಚ್ಚುವುದು ಸಾಂಬಾರಿನಿಂದಲ್ಲ, ಈ ಕೇಳದ ಪ್ರಶ್ನೆಗಳಿಂದ.

ಗಾಳಿಮಾತನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಎಷ್ಟೋ ಸಲ ಅದು ನಿಜವೇ ಆಗಿರುತ್ತದೆ. 2020ರ ಜನವರಿಯ ಕೊನೆಯಲ್ಲಿ ಎಫ್‌ಸಿ ಗೋವಾ ತನ್ನ ತರಬೇತುದಾರ ಸೆರ್ಜಿಯೊ ಲೊಬೆರಾ ಅವರನ್ನು ಕೈಬಿಟ್ಟಿತು. ಮಾರ್ಚಿನಲ್ಲಿ ಮುಂಬಯಿ ತನ್ನ ಜಾರ್ಜ್ ಕೋಸ್ಟಾ ಅವರನ್ನು ಬೀಳ್ಕೊಟ್ಟಿತು. ಈ ಎರಡನ್ನು ಕೂಡಿಸಲು ಅಭಿಮಾನಿಗಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಲಾಕ್‌ಡೌನಿನ ತಿಂಗಳುಗಳಲ್ಲಿ, ಮನೆಯಿಂದ ಹೊರಬೀಳಲಾಗದ ಕಾಲದಲ್ಲಿ, 'ಲೊಬೆರಾ ಬರುತ್ತಾರಂತೆ' ಎಂಬ ಮಾತು ಎಷ್ಟೋ ಮಂದಿಗೆ ಹೊರಗಿನ ಗಾಳಿಯಂತೆ ಇತ್ತು. ಅಕ್ಟೋಬರಿನಲ್ಲಿ ಅವರು ಬಂದೇ ಬಂದರು. ಅವರ ಹಿಂದೆ ಗೋವಾ ತಂಡದಿಂದಲೇ ಅಹಮದ್ ಜಾಹೂ, ಮುರ್ತಾದಾ ಫಾಲ್, ಹ್ಯೂಗೊ ಬೂಮು, ಮಂದಾರ್ ರಾವ್ ದೇಸಾಯಿ ಬಂದರು. ಭಟ್ಟರೊಂದಿಗೆ ಅಡುಗೆಮನೆಯೇ ಬಂದ ಹಾಗೆ. ಆ ಋತುವಿನಲ್ಲೇ ಮುಂಬಯಿ ಲೀಗ್ ಶೀಲ್ಡನ್ನೂ ಐಎಸ್‌ಎಲ್ ಕಿರೀಟವನ್ನೂ ಗೆದ್ದಿತು. 2021ರ ಮಾರ್ಚ್ 13ರ ಫೈನಲ್‌ನಲ್ಲಿ, ಆಟ ಮುಗಿಯುವ ಹೊತ್ತಿಗೆ ಬಿಪಿನ್ ಸಿಂಗ್ ಹೊಡೆದ ಗೋಲು ಎಟಿಕೆ ಮೋಹನ್ ಬಾಗಾನನ್ನು 2–1ರಿಂದ ಮಣಿಸಿತು. ಆ ರಾತ್ರಿ ಡೊಂಬಿವಲಿಯ ನಮ್ಮ ಓಣಿಯಲ್ಲೂ ಒಂದೆರಡು ಪಟಾಕಿ ಸಿಡಿದದ್ದು ನೆನಪಿದೆ.

ಆದರೆ ಆ ಫೈನಲ್ ನಡೆದದ್ದು ಗೋವಾದ ಖಾಲಿ ಕ್ರೀಡಾಂಗಣದಲ್ಲಿ. ಸಿಟಿ ಗ್ರೂಪಿನ ಕಾಲದಲ್ಲಿ ಮುಂಬಯಿ ಗೆದ್ದ ಎರಡು ಶೀಲ್ಡುಗಳೂ ಎರಡು ಕಿರೀಟಗಳೂ ಕೈಸೇರಿದ್ದು ಗೋವಾದಲ್ಲಿ ಅಥವಾ ಕಲ್ಕತ್ತೆಯಲ್ಲಿ. ಮುಂಬಯಿಯ ನೆಲದಲ್ಲಿ ಒಂದೂ ಅಲ್ಲ. ಇದು ಯಾರ ತಪ್ಪೂ ಅಲ್ಲ, ವೇಳಾಪಟ್ಟಿಯ ಮತ್ತು ಮಹಾಮಾರಿಯ ಆಟ. ಆದರೂ ಈ ಕ್ಲಬ್ಬಿಗೂ ಊರಿಗೂ ಇರುವ ನಂಟಿನ ಬಗ್ಗೆ ಈ ಕಾಕತಾಳೀಯ ಏನನ್ನೋ ಹೇಳುತ್ತಿದೆ ಎಂದು ನನಗೆ ಅನ್ನಿಸುತ್ತದೆ.

ನಮ್ಮ ಕಡೆಯವರಿಗೆ ಆ ನಂಟು ಮೊದಲು ಬೆಸೆದದ್ದು ನೆರೂಲ್‌ನಲ್ಲಿ. 2014 ಮತ್ತು 2015ರಲ್ಲಿ ಕ್ಲಬ್ಬಿನ ತವರು ಮೈದಾನ ಡಿ.ವೈ. ಪಾಟೀಲ್ ಕ್ರೀಡಾಂಗಣವೇ ಆಗಿತ್ತು. ಥಾಣೆಯಲ್ಲಿ ಗಾಡಿ ಬದಲಿಸಿದರೆ ಸಾಕು, ನೇರ ನೆರೂಲ್. ತವರಿನ ಮೊದಲ ಪಂದ್ಯದಲ್ಲೇ ಪುಣೆಯ ವಿರುದ್ಧ 5–0. ಮರುವರ್ಷ ಹರಾಜಿನಲ್ಲಿ 1.2 ಕೋಟಿ ರೂಪಾಯಿಗೆ ಬಂದ ಸುನಿಲ್ ಛೇಟ್ರಿ, ಈಶಾನ್ಯದ ತಂಡದ ಮೇಲೆ ಮೂರು ಗೋಲು ಹೊಡೆದು, ಐಎಸ್‌ಎಲ್‌ನಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಭಾರತೀಯನಾದದ್ದೂ ಅಲ್ಲಿಯೇ. ಬೆಂಗಳೂರಿನ ತಂಡದ ನಾಯಕ ನಮ್ಮ ಅಂಗಳದಲ್ಲಿ ಆಡುತ್ತಿದ್ದಾನೆಂದು ಮುಂಬಯಿ ಕನ್ನಡಿಗರಾದ ನಾವು ಎರಡು ಪಾಲು ಹಿಗ್ಗಿದ್ದೆವು. 2016ರಲ್ಲಿ ತವರು ಅಂಧೇರಿಗೆ ಹೋಯಿತು. ಡೊಂಬಿವಲಿಯವನು ಅಲ್ಲಿಗೆ ತಲುಪಲು ಘಾಟ್ಕೋಪರ್‌ನಲ್ಲಿಳಿದು ಮೆಟ್ರೊ ಹಿಡಿದು ಆಜಾದ್ ನಗರಕ್ಕೆ ಹೋಗಬೇಕು. ಸಂಜೆಯ ಪಂದ್ಯ ಮುಗಿಸಿ ಮನೆ ಸೇರುವಾಗ ಮಧ್ಯರಾತ್ರಿ. ಹೀಗೆ ಮಾಡಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ನಮ್ಮನ್ನು ಕೇಳಿ ಮಾಡಿದ್ದಲ್ಲ ಎಂಬುದಷ್ಟೇ ಇಲ್ಲಿನ ಮಾತು.

ಮತ್ತೆ ನೆರೂಲ್‌ಗೆ ಹೋಗುವ ಅವಕಾಶ ಒದಗಿದ್ದು 2023ರ ನವೆಂಬರ್ 6ರಂದು. ಏಷ್ಯಾದ ಚಾಂಪಿಯನ್ಸ್ ಲೀಗಿನಲ್ಲಿ ಸೌದಿಯ ಅಲ್ ಹಿಲಾಲ್ ತಂಡ ಬರುವುದೆಂದು ಆಗಸ್ಟಿನಲ್ಲಿ ಚೀಟಿ ಎತ್ತಿದಾಗಲೇ ನವಿ ಮುಂಬಯಿಗೆ ಜ್ವರ ಹತ್ತಿತ್ತು. ಆ ತಂಡ ಆಗಷ್ಟೇ ಬ್ರೆಜಿಲಿನ ನೇಮಾರನನ್ನು ಕೊಂಡಿತ್ತಲ್ಲ! ಎಲ್ಲೋ ನಡೆದ ಖರೀದಿಯಿಂದಾಗಿ ಕಲ್ಯಾಣಿನ ಮಕ್ಕಳೂ ಕೊರಳಿಗೆ ಹಳದಿ ಅಂಗಿ ಏರಿಸಿಕೊಂಡರು. ಅಕ್ಟೋಬರಿನಲ್ಲಿ ಉರುಗ್ವೆಯ ವಿರುದ್ಧದ ಪಂದ್ಯದಲ್ಲಿ ನೇಮಾರನ ಮಂಡಿ ಮುರಿಯಿತು. ಬರುತ್ತಾನೆ, ಬೆಂಚಿನ ಮೇಲೆ ಕೂರುತ್ತಾನಂತೆ, ಕೈಯಾದರೂ ಬೀಸುತ್ತಾನಂತೆ ಎಂಬ ಮಾತುಗಳು ಆಮೇಲೂ ಕೆಲವು ದಿನ ಬದುಕಿದ್ದವು. ಅವನು ಬರಲಿಲ್ಲ, ಅಲ್ ಹಿಲಾಲ್ 2–0ರಿಂದ ಗೆದ್ದಿತು. ಅದೇ ತಿಂಗಳು ನಮ್ಮ ತರಬೇತುದಾರ ಡೆಸ್ ಬಕಿಂಗ್‌ಹ್ಯಾಮ್ ತನ್ನ ಹುಟ್ಟೂರಿನ ಆಕ್ಸ್‌ಫರ್ಡ್ ಯುನೈಟೆಡ್ ತಂಡದ ಕರೆಗೆ ಓಗೊಟ್ಟು ನಡುಋತುವಿನಲ್ಲೇ ಹೊರಟರು. ಡಿಸೆಂಬರಿನಲ್ಲಿ ಪೀಟರ್ ಕ್ರಾಟ್ಕಿ ಬಂದರು. 2024ರ ಮೇ ತಿಂಗಳಲ್ಲಿ ಕಿರೀಟ ಮತ್ತೆ ಮುಂಬಯಿಯದಾಯಿತು. ತರಬೇತುದಾರ ಹೋದರೆ ಆಕಾಶ ಕಳಚುತ್ತದೆ ಎಂದವರು ಸುಮ್ಮನಾದರು.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಖಾಲಿದ್ ಜಮೀಲ್ 2009ರಿಂದ 2016ರವರೆಗೆ ಮುಂಬಯಿ ಎಫ್‌ಸಿ ಎಂಬ ಬೇರೊಂದು ಕ್ಲಬ್ಬಿನ ತರಬೇತುದಾರರಾಗಿದ್ದರು. ಅವರು ಹೊರನಡೆದು ಮಿಜೋರಾಮಿನ ಐಜ್ವಾಲ್ ತಂಡವನ್ನು ಸೇರಿದರು. ಮರುಋತುವಿನಲ್ಲೇ ಐಜ್ವಾಲ್ ಐ-ಲೀಗ್ ಗೆದ್ದಿತು, ಅದೇ ಋತುವಿನಲ್ಲಿ ಮುಂಬಯಿ ಎಫ್‌ಸಿ ಕೆಳದರ್ಜೆಗೆ ಇಳಿಯಿತು. ಇಷ್ಟೇ ಆಗಿದ್ದರೆ ಇದು ತರಬೇತುದಾರನ ಮಹಿಮೆಯ ಕಥೆಯಾಗುತ್ತಿತ್ತು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2017ರಲ್ಲಿ ಮುಂಬಯಿ ಎಫ್‌ಸಿ ಮುಚ್ಚಿಯೇ ಹೋಯಿತು. ಹೊಸ ತರಬೇತುದಾರ ಯಾರಾದಾರು ಎಂದು ನಾವು ಹರಟುತ್ತಿದ್ದೆವು, ತರಬೇತಿಗೆ ತಂಡವೇ ಉಳಿಯಲಿಲ್ಲ. ಅದಕ್ಕೂ ಮೊದಲು 2010ರಲ್ಲಿ, ನಾಲ್ಕೇ ವರ್ಷಗಳ ಹಿಂದೆ ರಾಷ್ಟ್ರೀಯ ಲೀಗನ್ನು ಗೆದ್ದಿದ್ದ ಮಹೀಂದ್ರ ಯುನೈಟೆಡ್ ಹೀಗೆಯೇ ಕಣ್ಮರೆಯಾಗಿತ್ತು. ಗೆಲುವು ಅದನ್ನು ಉಳಿಸಲಿಲ್ಲ. ಒಡೆಯರ ಕಚೇರಿಯಲ್ಲಿ ಒಂದು ನಿರ್ಧಾರವಾಯಿತು, ಸಂಘವೊಂದು ಇಲ್ಲವಾಯಿತು.

ಈ ಸಲದ ಕಥೆಯೂ ಬೇರೆಯಲ್ಲ. ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ 2010ರಲ್ಲಿ ಮಾಡಿಕೊಂಡಿದ್ದ ಹದಿನೈದು ವರ್ಷಗಳ ವಾಣಿಜ್ಯ ಕರಾರು 2025ರ ಡಿಸೆಂಬರಿನಲ್ಲಿ ಮುಗಿಯಲಿತ್ತು. ಅದನ್ನು ನವೀಕರಿಸುವ ದಾರಿ ಕಾಣದೆ ಜುಲೈಯಲ್ಲೇ ಐಎಸ್‌ಎಲ್ ತಡೆಹಿಡಿಯಲ್ಪಟ್ಟಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಹಿರಿಯರ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಹದಿನೈದು ವರ್ಷಗಳ ಹಿಂದೆಯೇ ಗೊತ್ತಿದ್ದ ತಾರೀಖು ಅದು. ನಾವು ಮಾತ್ರ ಆ ಹದಿನೈದು ವರ್ಷವೂ ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂದು ಮಾತಾಡಿಕೊಂಡಿದ್ದೆವು.

ಹಾಗೆಂದು ಆಟಗಾರರು ಊರು ಬದಲಿಸುವುದನ್ನೇ ದ್ರೋಹವೆಂದು ಬಗೆಯುವವರ ಸಾಲಿನಲ್ಲಿ ನಾನಿಲ್ಲ. ಹೊಟ್ಟೆಪಾಡಿಗಾಗಿ ಘಟ್ಟ ಇಳಿದು ಈ ಊರಿಗೆ ಬಂದವರ ಮೊಮ್ಮಕ್ಕಳು ಆ ಮಾತನ್ನು ಆಡಬಾರದು. ಬೆಂಗಳೂರಿನ ಅಹಮದ್ ಖಾನ್ 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ ಅಲ್ಲಿನವರ 'ಪಂಚಪಾಂಡವ'ರಲ್ಲಿ ಒಬ್ಬರಾದರು. ಮುಂಬಯಿಯ ಹುಡುಗ ರಾಹುಲ್ ಭೇಕೆ 2019ರ ಫೈನಲ್‌ನಲ್ಲಿ, ಇದೇ ಅಂಧೇರಿಯ ಮೈದಾನದಲ್ಲಿ, ಹೆಚ್ಚುವರಿ ಸಮಯದಲ್ಲಿ ತಲೆಯಿಂದ ಹೊಡೆದ ಗೋಲಿನಿಂದ ಬೆಂಗಳೂರಿಗೆ ಕಿರೀಟ ತೊಡಿಸಿದ. ಐದು ವರ್ಷದ ಬಳಿಕ ಮುಂಬಯಿಯ ನಾಯಕನಾಗಿ ಕಪ್ ಎತ್ತಿದ, ಮತ್ತೆ ಬೆಂಗಳೂರಿಗೆ ಹೋದ. ಎರಡೂ ಊರು ತನ್ನದೆನ್ನುವ ಇಂಥವನನ್ನು ನಮ್ಮಷ್ಟು ಚೆನ್ನಾಗಿ ಇನ್ನಾರು ಬಲ್ಲರು? ದುಡಿಯುವವನಿಗೆ ಹೋಗುವ ಸ್ವಾತಂತ್ರ್ಯವಿರಬೇಕು. ಉಳಿಯುವವರಿಗೆ ಮಾತ್ರ ಏನಾದರೂ ಉಳಿದಿರಬೇಕು.

ಗಾಳಿಮಾತು ಹುಟ್ಟುವುದು ಎಲ್ಲಿ? ಕೇಳುವ ಹಕ್ಕಿಲ್ಲದ ಕಡೆ. ನಮ್ಮ ಥಾಣೆ, ಡೊಂಬಿವಲಿ, ಕಲ್ಯಾಣ್‌ಗಳ ಕನ್ನಡ ಸಂಘಗಳನ್ನೇ ನೋಡಿ. ವರ್ಷಕ್ಕೊಮ್ಮೆ ಮಹಾಸಭೆ ಸೇರುತ್ತದೆ. ಹಿಂದಿನ ಸಾಲಿನಲ್ಲಿ ಕೂತ ಸದಸ್ಯನೊಬ್ಬ ಎದ್ದು ನಿಂತು, ರಾಜ್ಯೋತ್ಸವದ ಊಟಕ್ಕೆ ಇಷ್ಟೇಕೆ ಖರ್ಚಾಯಿತು ಎಂದು ಕೇಳುತ್ತಾನೆ. ಕೋಶಾಧಿಕಾರಿ ಬೆವರೊರೆಸಿಕೊಂಡು ಪುಟ ತಿರುವುತ್ತಾರೆ. ನಮ್ಮಲ್ಲೂ ಗಾಳಿಮಾತಿಗೆ ಬರವಿಲ್ಲ, ಮುಂದಿನ ಅಧ್ಯಕ್ಷರು ಯಾರೆಂಬ ಪಿಸುಮಾತು ಆರು ತಿಂಗಳ ಮೊದಲೇ ಶುರುವಾಗುತ್ತದೆ. ಆದರೆ ನಮ್ಮನ್ನು ಕೇಳದೆ ಸಂಘವನ್ನು ಯಾರೂ ಮಾರಲಾರರು. ವರ್ಷದ ಚಂದಾ ಕೊಟ್ಟವನಿಗಿರುವ ಈ ಅಧಿಕಾರ, ಹತ್ತು ವರ್ಷ ಟಿಕೆಟ್ಟು ಕೊಂಡ ಅಭಿಮಾನಿಗೆ ಇಲ್ಲ. ಜರ್ಮನಿಯಲ್ಲಿ ಕೆಲವು ಅಪವಾದಗಳನ್ನು ಬಿಟ್ಟರೆ ಕ್ಲಬ್ಬಿನ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಸಂಘದಲ್ಲೇ ಇರಬೇಕೆಂಬ ನಿಯಮವಿದೆ. ನಮ್ಮ ಕಲ್ಕತ್ತೆಯ ಹಳೆಯ ಕ್ಲಬ್ಬುಗಳೂ ಸದಸ್ಯರ ಸಂಘಗಳಾಗಿಯೇ ಬೆಳೆದವು.

ಹಣ ಹೂಡಿದವನದೇ ಅಂತಿಮ ಮಾತು, ನಷ್ಟ ಹೊರುವವನು ಅವನಲ್ಲವೇ ಎಂದು ಯಾರಾದರೂ ಕೇಳಿಯಾರು. ನ್ಯಾಯವಾದ ಪ್ರಶ್ನೆಯೇ. ಈ ದೇಶದಲ್ಲಿ ಫುಟ್ಬಾಲಿನಿಂದ ಲಾಭ ಮಾಡುವುದು ಸುಲಭವಲ್ಲ, ಆರು ವರ್ಷ ಹಣ ಸುರಿದವರಿಗೆ ಕೃತಘ್ನರಾಗಬಾರದು. ಆದರೆ ಹಣ ಹೂಡಿದವನು ಹೊರಟು ಹೋಗಬಲ್ಲ. ಆರು ವರ್ಷದ ಪ್ರಾಯದಲ್ಲಿ ನೀಲಿ ಅಂಗಿ ತೊಟ್ಟ ಹುಡುಗ ಎಲ್ಲಿಗೆ ಹೋಗುತ್ತಾನೆ? ಹೋಗಲಾಗದವನ ಹೂಡಿಕೆಗೂ ಒಂದು ಬೆಲೆಯಿದೆ. ಮತದ ಹಕ್ಕು ಕೊಡುವುದು ನಾಳೆಯ ಮಾತಾಗಿರಲಿ, ಇಂದು ಕೆಲವಕ್ಕೆ ಉತ್ತರವನ್ನಾದರೂ ಕೊಡಬಹುದು. ಆಟಗಾರರಿಗೂ ಸಿಬ್ಬಂದಿಗೂ ಸಂಬಳ ಸಂದಿದೆಯೇ? ಬರುವ ಐದು ವರ್ಷ ತವರು ಮೈದಾನ ಯಾವುದು? ಥಾಣೆಯಿಂದ ಕಲ್ಯಾಣಿನವರೆಗಿನ, ವಾಶಿಯಿಂದ ಖಾರ್ಘರಿನವರೆಗಿನ ಮಕ್ಕಳನ್ನು ಹುಡುಕಲು ಯಾರಾದರೂ ಬರುತ್ತಾರೆಯೇ? ಈ ಲಕ್ಷಾಂತರ ಜನರ ಊರುಗಳಲ್ಲಿ ಮಕ್ಕಳು ಸಂಜೆ ಚೆಂಡು ಒದೆಯಲು ಕ್ರಿಕೆಟ್ಟಿನವರು ಜಾಗ ಬಿಡುವುದನ್ನೇ ಕಾಯುತ್ತಿರುತ್ತಾರೆ.

ಅಂದು ದಿವಾ ದಾಟಿ ಕೋಪರ್ ಬರುವ ಹೊತ್ತಿಗೆ ಹುಡುಗನಿಗೆ ಇಷ್ಟನ್ನೂ ಹೇಳಲು ಪುರಸೊತ್ತಿರಲಿಲ್ಲ. "ಕೋಚ್ ಯಾರಾದರೂ ಆಗಲಿ ಮಾರಾಯ, ಮುಂದಿನ ವರ್ಷ ಕ್ಲಬ್ ಇರುತ್ತದೋ ಅಂತ ಮೊದಲು ಕೇಳು" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಯಾರನ್ನ ಕೇಳೋದು ಮಾಮಾ?"

ಡೊಂಬಿವಲಿ ಬಂತು, ಜನ ನಮ್ಮಿಬ್ಬರನ್ನೂ ಕೆಳಗೆ ತಳ್ಳಿದರು. ಅವನು ಕೇಳಿದ್ದು ಸರಿಯಾಗಿತ್ತು. ಕ್ಲಬ್ಬಿನ ಹೊಸ ಒಡೆಯರು ಮೊದಲು ನೇಮಿಸಬೇಕಾದದ್ದು ಈ ಪ್ರಶ್ನೆಗೆ ಉತ್ತರಿಸುವವರನ್ನು. ತರಬೇತುದಾರರು ಆಮೇಲೆ ಬರಲಿ.