ಮಾಳಿಗೆಯ ಮೇಲಣ ತಂತಿ

ನಮ್ಮ ಬೀದಿಯ ತರುಣನೊಬ್ಬನು ಹವ್ಯಾಸಿ ರೇಡಿಯೋ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸರ್ಕಾರದ ಪರವಾನಗಿಯನ್ನು ಪಡೆದನು. ಕಳೆದ ತಿಂಗಳು ಅವನು ಮಾಳಿಗೆಯ ಮೇಲೆ ೨೦ ಅಡಿಯ ಕಬ್ಬಿಣದ ಕೊಳವೆಯನ್ನು ಎತ್ತಿ ನಿಲ್ಲಿಸುತ್ತಿರಲು, ನಾನು ಬೀದಿಯಿಂದಲೇ ಕೂಗಿ ತಡೆದೆನು. ಬುಡವನ್ನು ಹಿಡಿದಿದ್ದವರು ಅವನ ತಾಯಿ. ವಿದ್ಯುತ್ತಿನ ತಂತಿಯು ಅಲ್ಲಿಂದ ೧೨ ಅಡಿ.

"ತಗಲುವುದಿಲ್ಲ, ಮೇಷ್ಟ್ರೇ" ಎಂದನು.

"ನಿಂತರೆ ತಗಲದು, ಬಿದ್ದರೆ?" ಎಂದೆನು.

ಗೃಹಸ್ಥರು ಮರೆಯಬಾರದ ನಿಯಮವಿದು: ಕಂಬವಾಗಲಿ ಅದರ ತಂತಿಯಾಗಲಿ ಯಾವ ಕಡೆಗೆ ಬಿದ್ದರೂ, ವಿದ್ಯುತ್ತಿನ ತಂತಿಗೆ ಇನ್ನೂ ೧೦ ಅಡಿಯಾದರೂ ಅಂತರವು ಉಳಿದಿರಬೇಕು.

ಹೊಸಬನಿಗೆ ಗೋಪುರವೇ ಬೇಡ. ೭ ಮೆಗಾಹರ್ಟ್ಸಿನ ಅಲೆಯ ಉದ್ದ ಸುಮಾರು ೪೦ ಮೀಟರು. ಅದರ ಅರ್ಧದಷ್ಟು ತಾಮ್ರದ ತಂತಿಯನ್ನು ನಡುವೆ ಕತ್ತರಿಸಿ, ಅಲ್ಲಿ ಕೇಬಲ್ಲನ್ನು ಬೆಸೆದು, ತುದಿಗಳನ್ನು ನೈಲಾನ್ ಹಗ್ಗದಿಂದ ಎತ್ತರದಲ್ಲಿ ಕಟ್ಟಿದರೆ ಸಾಕು. ಮರಕ್ಕೆ ಕಟ್ಟುವುದಾದರೆ ಗಾಳಿಯ ತೂಗಾಟಕ್ಕೆಂದು ಹಗ್ಗವನ್ನು ತುಸು ಸಡಿಲ ಬಿಡತಕ್ಕದ್ದು.

ಮಳೆಗಾಲಕ್ಕೆ ಮುಂಚೆ ಹಗ್ಗವನ್ನೂ ಬೆಸುಗೆಯನ್ನೂ ನೋಡಬೇಕು; ಕೇಬಲ್ಲಿನೊಳಗೆ ನೀರಿಳಿಯದಂತೆ ಜೋಡಣೆಯನ್ನು ಮುಚ್ಚಬೇಕು. ಗುಡುಗು ಸಮೀಪಿಸುವ ಮೊದಲೇ ಕೇಬಲ್ಲನ್ನು ಯಂತ್ರದಿಂದ ಕಳಚಿ ಮನೆಯ ಹೊರಗಿಡಬೇಕು.

ಈಗ ಅವನ ತಂತಿಯು ಹಿತ್ತಲಿನಲ್ಲಿ, ತೆಂಗಿನ ಮರಕ್ಕೂ ಗೋಡೆಗೂ ನಡುವೆ ತೂಗುತ್ತಿದೆ. ಮೊನ್ನೆ ಸಂಜೆ ಕೊಲಂಬೋದಿಂದ ದನಿ ಬಂದಿತಂತೆ. ಬಂದು ನನಗೆ ತಿಳಿಸಿದವರು ಆ ತಾಯಿಯೇ.