ಬೇಲೂರಿನ ಒಡವೆ, ಶಾರ್ತ್ರ್‌ನ ತೋಳು
ರಾಜಗೋಪಾಲನಗರ, ಪೀಣ್ಯ ಭಾಗದ ಗಾರ್ಮೆಂಟ್ಸ್‌ಗಳಲ್ಲಿ ಒಬ್ಬಾಕೆ ತೋಳು ಹೊಲಿದರೆ ಇನ್ನೊಬ್ಬಾಕೆ ಕಾಲರ್ ಕೂರಿಸುತ್ತಾಳೆ, ಮತ್ತೊಬ್ಬಾಕೆ ಗುಂಡಿ ಹಾಕುತ್ತಾಳೆ. ಬೆಂಗಳೂರಿನಲ್ಲಿ ಹೊಲಿದ ಉಡುಪು ಯುರೋಪಿಗೂ ಹೋಗುತ್ತದೆ. ಒಂಬತ್ತು ಶತಮಾನಗಳ ಹಿಂದೆ ಅಲ್ಲಿಯ ಮತ್ತು ಇಲ್ಲಿಯ ಹೆಣ್ಣುಮಕ್ಕಳ ಉಡುಗೆ ತೊಡುಗೆ ಹೇಗಿತ್ತೆಂಬುದಕ್ಕೆ ಎರಡೂ ಕಡೆ ಕಲ್ಲಿನ ಸಾಕ್ಷಿ ಉಳಿದಿರುವುದು ನಮ್ಮ ಪುಣ್ಯ. 1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಮೈಮೇಲೆ ಬಟ್ಟೆ ಕಡಿಮೆ, ಒಡವೆ ಹೆಚ್ಚು: ಕಂಠಹಾರ, ತೋಳಬಂದಿ, ಬಳೆ, ಸೊಂಟಕ್ಕೆ ಡಾಬು, ಕಾಲಿಗೆ ಕಡಗ, ಕಿವಿ ತುಂಬುವ ಓಲೆ. ಇದಾಗಿ ಸುಮಾರು ಮೂರು ದಶಕಗಳಿಗೆ ಫ್ರಾನ್ಸಿನ ಶಾರ್ತ್ರ್ ಚರ್ಚಿನ ಪಶ್ಚಿಮ ಬಾಗಿಲಲ್ಲಿ ನಿಂತ ಕಲ್ಲಿನ ರಾಣಿಯರ ಚೆಲುವೆಲ್ಲ ಇರುವುದು ಬಟ್ಟೆಯಲ್ಲಿ. ಪಾದ ಮುಟ್ಟುವ ಸಣ್ಣ ನೆರಿಗೆಯ ನಿಲುವಂಗಿ, ಮುಂಗೈ ಬಳಿ ಅಗಲವಾಗಿ ಇಳಿಬಿದ್ದ ತೋಳು, ಸೊಂಟಕ್ಕೆ ಸುತ್ತಿ ಗಂಟು ಹಾಕಿದ ಪಟ್ಟಿ, ಎದೆಯ ಮೇಲಿಂದ ಇಳಿದ ಉದ್ದನೆಯ ಜಡೆಗಳು. ಚಳಿಯ ನಾಡಾದ್ದರಿಂದ ಒಳಗೆ ಲಿನನ್, ಮೇಲೆ ಉಣ್ಣೆ. ಮದುವೆಯಾದವರ ತಲೆಗೆ ಸಾಮಾನ್ಯವಾಗಿ ಮುಸುಕು. ಉಡುಪಿಗೆ ಜೇಬು ಹೊಲಿಯುವ ರೂಢಿ ಇರಲಿಲ್ಲ. ಹಣದ ಚೀಲ, ಬೀಗದ ಕೈ ಸೊಂಟಪಟ್ಟಿಗೇ ತೂಗುತ್ತಿದ್ದವು. ಗುಂಡಿ ಮತ್ತು ಕಾಜ ಅಲ್ಲಿ ಬಳಕೆಗೆ ಬಂದ 13, 14ನೇ ಶತಮಾನಗಳಲ್ಲಿ ತೋಳು ಕೈಗೆ ಅಂಟಿಕೊಂಡಿತು, ಮೈಯಳತೆಗೆ ತಕ್ಕಂತೆ ಕತ್ತರಿಸಿ ಹೊಲಿಯುವ ಕಸುಬು ಬೆಳೆಯಿತು. ಕನ್ನಡನಾಡಿನಲ್ಲಿ ಹೊಲಿಯದ ಬಟ್ಟೆಯನ್ನು ಸುತ್ತಿ ಉಡುವ ಜಾಣ್ಮೆಗೇ ಮೊದಲ ಮಣೆ. ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ವಸ್ತ್ರಕ್ಕೊಂದು, ಆಭರಣಕ್ಕೊಂದು ಪ್ರತ್ಯೇಕ ಭಾಗವೇ ಇದೆ, ಯಾವ ಋತುವಿಗೆ ಯಾವ ಬಟ್ಟೆ ಎಂಬುದನ್ನೂ ಅರಸ ಅಲ್ಲಿ ವಿವರಿಸುತ್ತಾನೆ.